ಕೋಣ ಓಡಿಸಿದ ದೂಮಣ್ಣ

ದೂಮಣ್ಣ ನಡೆಯುವಾಗ ಅವರ ಮೈ ಹಿಂದಕ್ಕೆ ವಾಲಿರುತ್ತಿತ್ತು, ಮುಂದಿನಿಂದ ಯಾರೋ ಎಳೆದುಕೊಂಡು ಹೋಗುತ್ತಿರುವ ಹಾಗೆ. ಯೌವನವಿಡೀ ಕಂಬಳದಲ್ಲಿ ಕೋಣಗಳ ಹಿಂದೆ ಓಡಿದ ಮೈ ಅದು. ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಮಗಳು ಜಯಂತಿ ಅವರನ್ನು ಅಬುಧಾಬಿಗೆ ಕರೆಸಿಕೊಂಡಳು. ಖಲೀಫಾ ಸಿಟಿಯ ಒಂದೇ ವಿಲ್ಲಾದಲ್ಲಿ ಮೇಲಿನ ಮನೆ ಅವರದು, ಕೆಳಗಿನದು ನನ್ನದು. ಜಯಂತಿ ನರ್ಸ್. ಅಪ್ಪನ ಮಂಡಿ ಸವೆದಿದೆ, ಓಡಕೂಡದು ಎಂಬುದು ಅವಳ ಕಟ್ಟಪ್ಪಣೆ.

ಒಮ್ಮೆ ಸೂಪರ್‌ಮಾರ್ಕೆಟ್ಟಿನಲ್ಲಿ ನಾನು ಅಕ್ಕಿ ಆರಿಸುತ್ತಿದ್ದಾಗ ಗಡಗಡ ಸದ್ದು ಕೇಳಿತು. ದೂಮಣ್ಣ ಪಂಚೆ ಎತ್ತಿ ಕಟ್ಟಿ, ಎರಡು ಟ್ರಾಲಿಗಳನ್ನು ಜೋಡಿಯಾಗಿ ಹಿಡಿದು, ಸಾಬೂನಿನ ಸಾಲಿನುದ್ದಕ್ಕೂ ಓಡಿ ಬರುತ್ತಿದ್ದರು. ಸೆಕ್ಯುರಿಟಿಯವನು ಅಡ್ಡ ನಿಂತ. ದೂಮಣ್ಣನಿಗೆ ನಾಚಿಕೆಯೇನೂ ಆಗಲಿಲ್ಲ.

"ಬಲದ್ದು ಒಳ್ಳೇದುಂಟು ಮಾರಾಯ. ಎಡದ್ದಕ್ಕೆ ಮನಸ್ಸಿಲ್ಲ," ಎಂದರು.

ಮಂಡಿ ಊದಿಕೊಂಡಿತು. ಜಯಂತಿ ಐಸ್ ಇಟ್ಟಳು. ಅಪ್ಪ ಮೂರು ದಿನ ಕಿಟಕಿಯ ಬಳಿಯಿಂದ ಏಳಲಿಲ್ಲ. ಕೊನೆಗೆ ಅವಳೇ ಕೆಳಗೆ ಬಂದು, "ಅಣ್ಣ, ಎಲ್ಲಿಯಾದ್ರೂ ಇವರಿಗೆ ದನ ತೋರಿಸಿಕೊಂಡು ಬನ್ನಿ. ದೂರದಿಂದ," ಎಂದಳು.

ಶುಕ್ರವಾರ ಫುಜೈರಾಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಸಂಜೆ ಕಡಲ ಬದಿಯ ಬಯಲಿನಲ್ಲಿ ಹೋರಿಗಳನ್ನು ಕೊಂಬಿಗೆ ಕೊಂಬು ಕೊಡಿಸಿ ತಳ್ಳಾಡಿಸುತ್ತಾರೆ. ನಾವು ನೋಡುತ್ತಿದ್ದಂತೆಯೇ ಒಂದು ಕಪ್ಪು ಹೋರಿ ತಪ್ಪಿಸಿಕೊಂಡು ಜನರತ್ತ ನುಗ್ಗಿತು. ಎಲ್ಲರೂ ಕಾರುಗಳ ಹಿಂದಕ್ಕೆ ಓಡಿದರು, ಎಲ್ಲರಿಗಿಂತ ಮುಂದೆ ನಾನು. ತಿರುಗಿ ನೋಡಿದರೆ ದೂಮಣ್ಣ ನೆಲದಲ್ಲಿ ಎಳೆದಾಡುತ್ತಿದ್ದ ಹಗ್ಗ ಹಿಡಿದು, ಹತ್ತು ಹೆಜ್ಜೆ ಹೋರಿಯ ಜೊತೆಗೇ ಓಡಿ, ಮೈಯನ್ನು ಹಿಂದಕ್ಕೆ ಕೊಟ್ಟು ಅದನ್ನು ನಿಲ್ಲಿಸಿದ್ದರು.

"ಸಾಕು ಮಗಾ. ನಿನಗೆ ಯಾರೂ ಎಂತ ಮಾಡುದಿಲ್ಲ."

ಹೋರಿಯ ಯಜಮಾನ ಅವರದೇ ವಯಸ್ಸಿನ ಅರಬ್ಬಿ ಮುದುಕ. ದೂಮಣ್ಣನನ್ನು ಕಂಬಳಿಯ ಮೇಲೆ ಕೂರಿಸಿ ಖರ್ಜೂರ, ಕಾಫಿ ಕೊಟ್ಟ. ಒಬ್ಬರ ಭಾಷೆ ಒಬ್ಬರಿಗೆ ಬಾರದು. ಸ್ವಲ್ಪ ಹೊತ್ತಿನಲ್ಲಿ ಇಬ್ಬರೂ ಬಟ್ಟೆ ಮೇಲೆತ್ತಿ ಒಬ್ಬರಿಗೊಬ್ಬರು ಮಂಡಿ ತೋರಿಸುತ್ತಿದ್ದರು.

ವಾಪಸು ಬರುವಾಗ, "ಜಯಂತಿಗೆ ಎಂತ ಹೇಳುದು?" ಎಂದೆ.

"ದೂರದಿಂದ ನೋಡಿದ್ದು ಅಂತ ಹೇಳು."

"ಎಷ್ಟು ದೂರ?"

"ಹಗ್ಗದಷ್ಟು."

ಎರಡು ಚಳಿಗಾಲ ನಾವು ಹಾಗೆ ಹೋಗಿ ಬಂದೆವು. ಜಯಂತಿಗೆ ಎಲ್ಲ ಗೊತ್ತಿತ್ತು. ಶನಿವಾರ ಕೇಳದೆಯೇ ಐಸ್ ತಂದಿಡುತ್ತಿದ್ದಳು. ಆಮೇಲಿನ ಬೇಸಗೆಯಲ್ಲಿ ರಜೆಗೆಂದು ಊರಿಗೆ ಹೋದ ದೂಮಣ್ಣ ಅಲ್ಲಿಯೇ ತೀರಿಕೊಂಡರು.

ನನಗೆ ಮತ್ತೆ ಫುಜೈರಾಕ್ಕೆ ಹೋಗುವ ಮನಸ್ಸಿರಲಿಲ್ಲ. "ಆ ಹೋರಿಯವರಿಗೆ ಹೇಳ್ಬೇಕಲ್ವಾ," ಎಂದು ಜಯಂತಿ ಕಳುಹಿಸಿದಳು. ನನ್ನ ಕಾರು ಕಂಡದ್ದೇ ಮುದುಕ ನಗುತ್ತಾ ಬಂದು, ಪಕ್ಕದ ಬಾಗಿಲು ತೆರೆದು, ಬಗ್ಗಿ ನೋಡಿದ.

"ಮಾಫಿ?" ಎಂದ. ಅರಬ್ಬಿಯಲ್ಲಿ, ಇಲ್ಲವೇ ಎಂದು.

"ಮಾಫಿ," ಎಂದೆ.

ಅವನು ಖಾಲಿ ಸೀಟಿನ ಧೂಳನ್ನು ಅಂಗೈಯಿಂದ ಒರೆಸಿ, ಬಾಗಿಲನ್ನು ಸದ್ದಾಗದಂತೆ ಮುಚ್ಚಿದ.