ಗಾಳಿಗೆ ದಾರಿ ಬಿಡದ ಕೋಣೆ

ನಮ್ಮಣ್ಣನನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ, ‘ಸಂದಿಯಣ್ಣ’ ಎಂದರೆ ಸಾಕು. ಮೂಲತಃ ಬಡಗಿ. ಐವತ್ತು ದಾಟಿದ ಮೇಲೆ ಮೇಜು ಕುರ್ಚಿ ಬಿಟ್ಟು, ವಯಸ್ಸಾದವರ ಮನೆಗಳ ಕಿಟಕಿ ಬಾಗಿಲಿನ ಸಂದಿ ಮುಚ್ಚುವ ಕೆಲಸ ಹಿಡಿದ. ಚಳಿಗಾಲಕ್ಕೆ ಮೊದಲು ನಗರಸಭೆಯವರು ಪಟ್ಟಿ ಕೊಡುತ್ತಾರೆ: ಒಂಟಿ ಮುದುಕರು, ಹಾಸಿಗೆ ಹಿಡಿದವರು, ಉಬ್ಬಸದವರು. ಅಣ್ಣ ಮನೆಮನೆಗೆ ಹೋಗಿ, ಕಿಟಕಿಗೆ ಅಂಗೈ ಒಡ್ಡಿ, ಗಾಳಿ ಎಲ್ಲಿಂದ ನುಗ್ಗುತ್ತಿದೆ ಎಂದು ಹುಡುಕಿ ರಬ್ಬರ್ ಪಟ್ಟಿ ಅಂಟಿಸುತ್ತಾನೆ. ಅವನು ಮುಚ್ಚಿದ ಕಿಟಕಿಯಲ್ಲಿ ಒಂದು ಕೂದಲೂ ತೂರುವುದಿಲ್ಲ.

ನಾನು ಅವನ ತಂಗಿ, ಟೈಲರ್. ಬಾಗಿಲ ಕೆಳಗಿನ ಸಂದಿಗೆ ಒತ್ತಿಡುವ, ಮರಳು ತುಂಬಿದ ಬಟ್ಟೆಯ ಸುರುಳಿ ಹೊಲಿಯುವುದು ನನ್ನ ಪಾಲು. ಮಾತೂ ನನ್ನ ಪಾಲೇ. ಅಣ್ಣನ ಬಾಯಿಂದ ಮಾತು ಹೊರಡಿಸುವುದಕ್ಕಿಂತ ತುಕ್ಕು ಹಿಡಿದ ಮೊಳೆ ಕೀಳುವುದು ಸುಲಭ. ಅವನು ಅಳತೆ ತೆಗೆಯುವಾಗ ನಾನು ಪ್ರಶ್ನೆ ಕೇಳಿ ನಗರಸಭೆಯ ಕಾಗದ ತುಂಬುತ್ತೇನೆ. ಮೊದಲನೇ ಪ್ರಶ್ನೆ ಯಾವತ್ತೂ ಒಂದೇ: ಈ ಕೋಣೆಯಲ್ಲಿ ಬೆಚ್ಚಗಾಗಲು ಏನು ಉರಿಸುತ್ತೀರಿ? ಬೆಂಕಿ ಎಂದರೆ, ಅಣ್ಣ ಗೋಡೆಯಲ್ಲಿ ಗಾಳಿಕಿಂಡಿ ಕೊರೆಯದೆ ಸಂದಿ ಮುಟ್ಟುವುದಿಲ್ಲ. ಮುಚ್ಚಿದ ಕೋಣೆಯ ಕೆಂಡದಿಂದ ಏಳುವ ವಿಷಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕೂತವರು ಕೂತಲ್ಲೇ ತೂಕಡಿಸುತ್ತಾರೆ, ಆಮೇಲೆ ಏಳುವುದಿಲ್ಲ.

ಆ ದಿನ ನಮ್ಮ ಪಾಲಿಗೆ ಬಂದದ್ದು ಎರಡನೇ ಮಹಡಿಯಲ್ಲಿ ಒಬ್ಬರೇ ಇರುವ ಎಂಬತ್ತೊಂದರ ಅಜ್ಜಿ, ಒಂದು ಕಾಲದ ಟೈಪಿಸ್ಟು. ಏನು ಉರಿಸುತ್ತೀರಿ ಎಂದು ಕೇಳಿದೆ. ಅಜ್ಜಿ ಮೂಲೆಯಲ್ಲಿದ್ದ ಕರೆಂಟ್ ಹೀಟರಿನತ್ತ ಬೆರಳು ತೋರಿಸಿದರು. ಬರೆದುಕೊಂಡೆ. ಅಂದು ಇನ್ನೂ ಎರಡು ಮನೆ ಬಾಕಿ ಇದ್ದವು. ಮಧ್ಯಾಹ್ನದೊಳಗೆ ಅಣ್ಣ ಮೂರೂ ಕಿಟಕಿ ಮುಚ್ಚಿದ, ನಾನು ಬಾಗಿಲಿಗೆ ಸುರುಳಿ ಕಟ್ಟಿದೆ.

ಸಂಜೆ ಐದಕ್ಕೆ ಮನೆಯಲ್ಲಿ ಚಹಾ ಸೋಸುತ್ತಿದ್ದೆ. ಹಿತ್ತಲ ನಲ್ಲಿಯ ಕೆಳಗೆ ಒರೆಸುವ ಬಟ್ಟೆ ಹಿಂಡುತ್ತಿದ್ದ ಅಣ್ಣ ಗರ ಬಡಿದವನಂತೆ ನಿಂತುಬಿಟ್ಟ. ಬಕೆಟ್ಟಿನ ನೀರು ಮಸಿಯಿಂದ ಕಪ್ಪಗಾಗಿತ್ತು.

“ಇದು ಟೈಪಿಸ್ಟ್ ಅಜ್ಜಿ ಮನೆ ಕಿಟಕಿ ಒರೆಸಿದ ಬಟ್ಟೆ. ಅವರು ಏನು ಉರಿಸ್ತೀನಿ ಅಂದ್ರು?”

“ಹೀಟರ್ ತೋರಿಸಿದ್ರಲ್ಲ.”

“ಕರೆಂಟಿಗೆ ಎಲ್ಲಾದ್ರೂ ಮಸಿ ಹಿಡಿಯುತ್ತಾ?”

ಆ ಹೀಟರಿನ ವೈರು ಕಣ್ಣ ಮುಂದೆ ಬಂತು. ಅದಕ್ಕೆ ಅಂಗಡಿಯವರು ಸುತ್ತಿದ್ದ ಪ್ಲಾಸ್ಟಿಕ್ ದಾರ ಹಾಗೇ ಇತ್ತು. ಅಜ್ಜಿ ಅದನ್ನು ಒಂದು ದಿನವೂ ಹಚ್ಚಿರಲಿಲ್ಲ! ನೋಡಿದ್ದೆ, ನೋಡಿಯೂ ಬರೆದುಕೊಂಡು ಬಂದಿದ್ದೆ.

ಅಜ್ಜಿಗೆ ಫೋನ್ ಮಾಡಿದೆ. ಬಡಿದುಕೊಂಡು ಬಡಿದುಕೊಂಡು ನಿಂತಿತು. ಮತ್ತೆ ಮಾಡಿದೆ. ಆಂಬುಲೆನ್ಸಿನವರಿಗೆ ವಿಳಾಸ ಹೇಳುವಾಗ ಮನೆ ನಂಬರು ಎರಡು ಸಲ ತಪ್ಪಿತು. ಅಣ್ಣ ಆಗಲೇ ಗಾಡಿ ಹೊರತೆಗೆದಿದ್ದ.

ಕತ್ತಲು ಕವಿಯುವ ಹೊತ್ತು, ಎಲ್ಲರೂ ಮನೆಗೆ ಮರಳುವ ಹೊತ್ತು. ಸೇತುವೆಯ ಮೇಲೆ ವಾಹನಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. “ಅಜ್ಜಿ ಹಚ್ಚೋದು ಕತ್ತಲಾದ ಮೇಲೆ ಇರಬಹುದು ಅಲ್ವಾ? ಪಕ್ಕದ ಮನೆಗೆ ಹೋಗಿರಬಹುದು ಅಲ್ವಾ?” ಎಂದು ವಟವಟ ಅನ್ನುತ್ತಲೇ ಇದ್ದೆ. ಅಣ್ಣ ಹಾರ್ನ್ ಒತ್ತುತ್ತಲೇ ಇದ್ದ. ಒಮ್ಮೆ ಮಾತ್ರ, “ಅಷ್ಟು ಚೆನ್ನಾಗಿ ಮುಚ್ಚಿದೆನಲ್ಲ,” ಎಂದು ತನಗೇ ಹೇಳಿಕೊಂಡ. ಅವನನ್ನು ಬೈದು ಹಗುರಾಗುವ ದಾರಿಯೂ ನನಗಿರಲಿಲ್ಲ, ತಪ್ಪು ನನ್ನದಾಗಿತ್ತು.

ಮೆಟ್ಟಿಲು ಹತ್ತಿ ಬಾಗಿಲು ತಟ್ಟಿದೆವು. ಸದ್ದಿಲ್ಲ. ಚಿಲಕ ಹಾಕಿರಲಿಲ್ಲ, ಆದರೂ ಬಾಗಿಲು ಜಗ್ಗಲಿಲ್ಲ. ನಾನೇ ಹೊಲಿದ ಮರಳಿನ ಸುರುಳಿ ಅಡಿಗೆ ಮಡಚಿಕೊಂಡು ಸಿಕ್ಕಿಬಿದ್ದಿತ್ತು. ಅದಕ್ಕೆ ಹಿಡಿಶಾಪ ಹಾಕುತ್ತಾ ಒದ್ದೆ. ಅಣ್ಣ ಭುಜ ಕೊಟ್ಟು ನೂಕಿದ.

ಅಜ್ಜಿ ಕುರ್ಚಿಯಲ್ಲಿ ತಲೆ ವಾಲಿಸಿ ಕೂತಿದ್ದರು. ಎದುರಿನ ಸ್ಟೂಲಿನ ಮೇಲೆ ಸಣ್ಣದೊಂದು ಕಬ್ಬಿಣದ ಅಗ್ಗಿಷ್ಟಿಕೆ, ಅದರ ತುಂಬ ನಿಗಿನಿಗಿ ಇದ್ದಿಲು. ಅಣ್ಣ ಅವರನ್ನು ಕೂಸಿನಂತೆ ಎತ್ತಿಕೊಂಡು ಮೆಟ್ಟಿಲ ಬಳಿಗೆ ಓಡಿದ. ನಾನು ಉಸಿರು ಬಿಗಿಹಿಡಿದು, ಬೆಳಿಗ್ಗೆ ಅವನು ಅಂಟಿಸಿದ ಪಟ್ಟಿಗಳನ್ನು ಪರಪರ ಕಿತ್ತು ಕಿಟಕಿ ತೆರೆದೆ. ಹೊರಗೆ ಬಂದಾಗ ಅಜ್ಜಿ ಕಣ್ಣು ಬಿಡುತ್ತಿದ್ದರು. “ತಲೆ ಸಿಡೀತಿದೆ, ಬಾಗಿಲು ಹಾಕ್ರೋ,” ಎಂದರು. ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಗೊಳೋ ಎಂದು ಅತ್ತುಬಿಟ್ಟೆ.

ಹಿಂದೆಯೇ ಬಂದ ಆಂಬುಲೆನ್ಸಿನಲ್ಲಿ ಹೋದ ಅಜ್ಜಿ ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು. ಐದನೆಯ ದಿನ ನಾವು ಮತ್ತೆ ಹೋದೆವು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇತ್ತು.

“ಅಲ್ಲ ಅಜ್ಜಿ, ಬಾಯಿಬಿಟ್ಟು ಕೇಳಿದ್ನಲ್ಲ! ಕೆಂಡ ಅಂತ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ಅಗ್ಗಿಷ್ಟಿಕೇನ ಹೊತ್ಕೊಂಡು ಹೋಗ್ತಿದ್ರಿ. ನೀವು ಬರ್ತೀರಿ ಅಂತ ಅಡುಗೆಮನೇಲಿ ಬಚ್ಚಿಟ್ಟಿದ್ದೆ.”

“ಹೊಸ ಹೀಟರ್ ಇತ್ತಲ್ಲ, ಅದನ್ನ ಪೂಜೆ ಮಾಡೋಕೆ ಇಟ್ಕೊಂಡಿದ್ರಾ?”

ಅಜ್ಜಿ ಕಪಾಟಿನ ಪಕ್ಕಕ್ಕೆ ಕೈ ತೋರಿಸಿದರು. ಪ್ಲಗ್ಗು ಹಾಕುವ ಜಾಗ ನೆಲದಿಂದ ಒಂದೇ ಗೇಣು ಮೇಲಿತ್ತು. “ಎರಡು ವರ್ಷ ಆಯ್ತು ಕಣಮ್ಮ, ನಂಗೆ ಬಗ್ಗೋಕಾಗಲ್ಲ. ಬಗ್ಗಿದ್ರೆ ಏಳೋಕಾಗಲ್ಲ. ಅಗ್ಗಿಷ್ಟಿಕೆ ಸ್ಟೂಲ್ ಮೇಲಿರುತ್ತೆ, ನಿಂತ್ಕೊಂಡೇ ಹಚ್ತೀನಿ.”

“ಅದನ್ನಾದ್ರೂ ಹೇಳಬಹುದಿತ್ತಲ್ಲ?”

“ಹೇಳೋಣ ಅಂತ ಬಾಯಿ ತೆಗೆದೆ. ನೀನು ಬರ್ಕೊಂಡು ಎದ್ದೇಬಿಟ್ಟೆ.”

ನನ್ನ ಸಿಟ್ಟೆಲ್ಲ ಜರ್ರನೆ ಇಳಿದುಹೋಯಿತು. ಅಣ್ಣ ಕಪಾಟು ಸರಿಸಿ, ಕಿವಿಗೆ ಸಿಕ್ಕಿಸಿಕೊಂಡಿದ್ದ ಪೆನ್ಸಿಲ್ ತೆಗೆದ. “ಪ್ಲಗ್ಗು ಎಷ್ಟು ಎತ್ತರಕ್ಕೆ ಬೇಕಮ್ಮಾ? ಒಂದ್ಸಲ ಕೈ ಇಟ್ಟು ತೋರ್ಸಿ,” ಎಂದ. ಅಜ್ಜಿ ಎದೆಯೆತ್ತರದಲ್ಲಿ ಗೋಡೆಗೆ ಅಂಗೈ ಊರಿದರು. ಅವನು ಅಲ್ಲೇ ಗೆರೆ ಎಳೆದ. ಕೇಳಿ ಗೆರೆ ಎಳೆಯಲು ಅರ್ಧ ನಿಮಿಷವೂ ಹಿಡಿಯಲಿಲ್ಲ.