ರೋಗಿಮಾವ ಮನೆಗೆ ತಂದ ಮುಖ

ನನ್ನ ತಾಯಿಯ ತಮ್ಮ ಹೊಟ್ಟೆಪಾಡಿಗಾಗಿ ಕಾಯಿಲೆ ಬೀಳುತ್ತಿದ್ದ. ತಮಾಷೆಯಲ್ಲ, ಅವನ ಉದ್ಯೋಗವೇ ಅದು. ವೈದ್ಯಕೀಯ ಕಾಲೇಜಿನ ಹುಡುಗ ಹುಡುಗಿಯರು ನಿಜವಾದ ರೋಗಿಗಳನ್ನು ಮುಟ್ಟುವ ಮುನ್ನ ಮಾವನ ಮೇಲೆ ಕೈ ಪಳಗಿಸಿಕೊಳ್ಳಬೇಕಿತ್ತು. ಬೆಳಿಗ್ಗೆ ಹೊಟ್ಟೆ ಹಿಡಿದು ನರಳುತ್ತಿದ್ದ, ಆಮೇಲೆ ಎದೆ ಹಿಡಿದು ಕುಸಿಯುತ್ತಿದ್ದ, ಊಟ ಮುಗಿಸಿ ಕೈ ಒರೆಸಿಕೊಂಡು ಕಾಲು ಮುರಿದುಕೊಳ್ಳುತ್ತಿದ್ದ. ಆಸಾಮಿ ಮಾತ್ರ ಗುಂಡುಕಲ್ಲಿನ ಹಾಗಿದ್ದ. ನೆಗಡಿ ಕೂಡ ಅವನ ಹತ್ತಿರ ಸುಳಿಯುತ್ತಿರಲಿಲ್ಲ. ಬಂಧುಬಳಗಕ್ಕೆಲ್ಲ ಅವನು ರೋಗಿಮಾವ.

ರಜೆಯ ದಿನ ನರರೋಗದ ಡಾಕ್ಟರಮ್ಮ ಅವನನ್ನು ಬಡಾವಣೆಗಳಿಗೆ ಕರೆದೊಯ್ಯುತ್ತಿದ್ದರು. ಸಂಸಾರಸ್ಥರನ್ನೆಲ್ಲ ಸಭಾಂಗಣದಲ್ಲಿ ಕೂರಿಸಿ, ಮನೆಯಲ್ಲಿ ಯಾರಿಗಾದರೂ ಪಾರ್ಶ್ವವಾಯು ಹೊಡೆದರೆ ಗುರುತು ಹಿಡಿಯುವುದು ಹೇಗೆಂದು ಹೇಳಿಕೊಡುತ್ತಿದ್ದರು. "ಮುಖ, ಕೈ, ಮಾತು, ಇಷ್ಟು ನೆನಪಿಡಿ. ನಗೋಕೆ ಹೇಳಿ, ಬಾಯಿ ಒಂದು ಕಡೆ ಜಾರತ್ತಾ ನೋಡಿ. ಎರಡೂ ಕೈ ಎತ್ತಿಸಿ, ಒಂದು ಬೀಳತ್ತಾ ನೋಡಿ. ಮಾತಾಡಿಸಿ, ತೊದಲತ್ತಾ ಕೇಳಿ. ಯಾವುದೊಂದು ಕಂಡ್ರೂ ಗಡಿಯಾರ ನೋಡ್ಕೊಂಡು ಸೀದಾ ಆಸ್ಪತ್ರೆಗೆ ಬನ್ನಿ. ಮಲಗಿ ಎದ್ರೆ ಸರಿಹೋಗತ್ತೆ ಅಂತ ಕಾಯ್ಬೇಡಿ, ನೀರು ಕುಡಿಸಬೇಡಿ," ಎಂದು ಅವರು ಹೇಳುವುದು, ಮಾವ ಪಕ್ಕದಲ್ಲಿ ನಿಂತು ಅದನ್ನೆಲ್ಲ ಮಾಡಿ ತೋರಿಸುವುದು.

ಆ ಮುಖವನ್ನು ನಾನು ಬೇಕಾದಷ್ಟು ಸಲ ನೋಡಿದ್ದೇನೆ. ಎಡಗೆನ್ನೆ ಮೆಲ್ಲಗೆ ಸಡಿಲವಾಗುತ್ತಿತ್ತು, ತುಟಿಯ ತುದಿ ಇಳಿಯುತ್ತಿತ್ತು. ಎಡಗಣ್ಣು ತೆರೆದೇ ಇರುತ್ತಿತ್ತು, ಆದರೆ ಅದರ ಹಿಂದೆ ಯಾರೂ ಇರುತ್ತಿರಲಿಲ್ಲ. ಬಲಗಡೆ ನಮ್ಮ ಮಾವ, ಎಡಗಡೆ ಇನ್ಯಾರೋ.

ವೇದಿಕೆಯ ಮೇಲೆ ಮಾಡಿದ್ದು ಸಾಲದೆಂದು ನಡುಮನೆಯ ಕನ್ನಡಿಯ ಮುಂದೆಯೂ ಅಭ್ಯಾಸ, ತಿಂಡಿಯ ತಟ್ಟೆಯ ಮುಂದೆಯೂ ಅಭ್ಯಾಸ. ಹವೆಯ ಬಗ್ಗೆ ಮಾತಾಡುತ್ತಿದ್ದಂತೆಯೇ ಅರ್ಧ ಮುಖ ಆರಿಹೋಗುತ್ತಿತ್ತು. ಒಮ್ಮೆ ನಿದ್ದೆಯಲ್ಲೂ ಬಂದದ್ದನ್ನು ಅತ್ತೆ ಕಂಡಳಂತೆ. "ಅವರು ಮಲಗಿದ್ರು ಕಣೇ, ಅದು ಎದ್ದಿತ್ತು," ಎಂದಳು. ನಾನು ನಕ್ಕೆ. ಅವಳು ನಗಲಿಲ್ಲ.

ಮಾವನ ಹೆಂಡತಿ ಈ ಅತ್ತೆ ಮನೆಯಲ್ಲೇ ಹೊಲಿಗೆ ಮಾಡುವವಳು. ಪ್ಯಾಂಟಿನ ಅಂಚು ಮಡಿಸುವುದು, ಕೋಟಿನ ತೋಳು ಗಿಡ್ಡ ಮಾಡುವುದು, ಇಂಥ ಕೆಲಸ. ಕೆಲಸಕ್ಕೆ ಕೂತಳೆಂದರೆ ಗುಂಡುಸೂಜಿಗಳು ತುಟಿಗಳ ನಡುವೆ. ಬೈಗುಳವೆಲ್ಲ ಅವುಗಳ ಸಂದಿಯಿಂದಲೇ ಬರಬೇಕು. "ಆ ಮುಖಾನ ಹೊರಗೆ ಬಿಟ್ಟು ಒಳಗೆ ಬನ್ನಿ. ದಿನಾ ಕರೀತಿದ್ರೆ ಬಂದು ಕೂತ್ಕೊಂಡೀತು!" ಎಂದು ಗದರುತ್ತಿದ್ದಳು. ಮಾವ ಸೊಪ್ಪು ಹಾಕುತ್ತಿರಲಿಲ್ಲ. ಆಗ ಅವನ ಮುಖವನ್ನು ಅವನಿಗೇ ಅಣಕಿಸಿ ತೋರಿಸುತ್ತಿದ್ದಳು, ಅವನಿಗಿಂತ ಚೆನ್ನಾಗಿ. "ತುಟಿ ಸರಿಯಾಗಿದೆ, ಕಣ್ಣು ಇನ್ನೂ ಸ್ವಲ್ಪ ಇಳೀಬೇಕು," ಎಂದು ಅವನು ತಿದ್ದುತ್ತಿದ್ದ. ಬೇರೆ ಮನೆಗಳಲ್ಲಿ ಹೆಸರೆತ್ತಲೂ ಹೆದರುವ ಕಾಯಿಲೆ ಆ ಮನೆಯಲ್ಲಿ ಗಂಡ ಹೆಂಡಿರ ಸರಸವಾಗಿಬಿಟ್ಟಿತ್ತು.

ನಾನು ಅವರ ಮಹಡಿಯ ಕೋಣೆಯಲ್ಲಿದ್ದೆ. ನನ್ನದು ಅಂಗಡಿ ಕೆಲಸ, ರಜೆಗಿಜೆ ಇಲ್ಲ. ಮಾವ ಡಾಕ್ಟರಮ್ಮನ ಜೊತೆ ಹೋಗಿದ್ದ ಒಂದು ರಜೆಯ ದಿನ ಸಂಜೆ ನಾನು ಅಂಗಡಿಯಿಂದ ಬಂದು ಚಪ್ಪಲಿ ಬಿಡುವಾಗ ಕೆಳಗಿನಿಂದ ಅತ್ತೆಯ ಕರೆಂಟಿನ ಹೊಲಿಗೆ ಯಂತ್ರದ ಸದ್ದು ಕೇಳುತ್ತಿತ್ತು. ಆ ಸದ್ದು ನನಗೆ ಹೊಸದಲ್ಲ. ಓಡುತ್ತದೆ, ನಿಲ್ಲುತ್ತದೆ, ಬಟ್ಟೆ ತಿರುಗಿಸಿಕೊಂಡ ಮೇಲೆ ಮತ್ತೆ ಓಡುತ್ತದೆ. ಅಂದು ನಿಲ್ಲಲಿಲ್ಲ. ಮುಖ ತೊಳೆದೆ, ಬಟ್ಟೆ ಬದಲಿಸಿದೆ, ಅದು ಒಂದೇ ಸಮನೆ ಓಡುತ್ತಲೇ ಇತ್ತು. ಅಷ್ಟುದ್ದದ ಹೊಲಿಗೆ ಯಾವ ಬಟ್ಟೆಯಲ್ಲಿದ್ದೀತು ಎಂದುಕೊಂಡದ್ದೇ ತಡ, ಕೆಳಗೆ ಓಡಿದೆ.

ಅತ್ತೆ ಕುರ್ಚಿಯಲ್ಲಿ ಗೋಡೆಗೆ ವಾಲಿಕೊಂಡಿದ್ದಳು. ಬಲಗಾಲು ಪೆಡಲಿನ ಮೇಲೆ ಭಾರವಾಗಿ ಊರಿತ್ತು. ಬಟ್ಟೆ ನೆಲಕ್ಕೆ ಜಾರಿತ್ತು. ಸೂಜಿ ಬರಿಯ ಗಾಳಿಯನ್ನು ಹೊಲಿಯುತ್ತಿತ್ತು. ಗುಂಡುಸೂಜಿಗಳು ಸಡಿಲಾದ ತುಟಿಯಿಂದ ಉದುರಿ ಮಡಿಲ ತುಂಬ ಬಿದ್ದಿದ್ದವು. ಅತ್ತೆಯ ಕತ್ತಿನ ಮೇಲೆ ಮಾವನ ಆ ಮುಖವಿತ್ತು.

"ಅತ್ತೆ, ಎರಡೂ ಕೈ ಮೇಲೆತ್ತು," ಎಂದೆ. ಒಂದೇ ಎದ್ದಿತು.

ಆಂಬ್ಯುಲೆನ್ಸಿನಲ್ಲಿ ಕಾಲೇಜಿನ ಆಸ್ಪತ್ರೆಗೇ ಹೋದೆವು. ನಾನು ಫೋನ್ ಮಾಡಿದ್ದಕ್ಕೆ ಸಭಾಂಗಣದಿಂದ ಮಾವನೂ ಡಾಕ್ಟರಮ್ಮನೂ ಏದುಸಿರು ಬಿಡುತ್ತ ಬಂದರು. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧವಿದೆ, ಆದರೆ ಬೇಗ ಕೊಡಬೇಕು. ಹೊತ್ತು ಮೀರಿದ ಮೇಲೆ ಕೊಟ್ಟರೆ ಮಿದುಳಿನೊಳಗೆ ರಕ್ತ ಸೋರಿ ಪ್ರಾಣವೇ ಹೋಗಬಹುದು. ಆದ್ದರಿಂದ ಅವಳು ಎಷ್ಟು ಹೊತ್ತಿನ ತನಕ ಚೆನ್ನಾಗಿದ್ದಳೆಂಬುದು ಗೊತ್ತಾಗಬೇಕಿತ್ತು.

"ಮಧ್ಯಾಹ್ನ ನೀವು ಮನೆಗೆ ಫೋನ್ ಮಾಡಿದ್ರಲ್ಲ," ಎಂದರು ಡಾಕ್ಟರಮ್ಮ. "ಆಗ ಮಾತು ಸರಿಯಾಗಿತ್ತಾ? ಸರಿಯಾಗಿತ್ತು ಅಂದ್ರೆ ನಮಗಿನ್ನೂ ಹೊತ್ತಿದೆ."

ಮಾವನ ಹೊಟ್ಟೆ ಒತ್ತಿ, ಕಾಲು ಬಗ್ಗಿಸಿ ಕಲಿತ ಹುಡುಗ ಹುಡುಗಿಯರು ಸುತ್ತ ನಿಂತಿದ್ದರು. ಅವರ ಕಣ್ಣಿನಲ್ಲಿದ್ದದ್ದು ಇಂದಿಗೂ ನನಗೆ ಮರೆತಿಲ್ಲ: ಇದು ನಿಜವೋ ಪಾಠವೋ ಎಂದು ಅವರಿಗೆ ತಿಳಿಯುತ್ತಿರಲಿಲ್ಲ.

"ತೊದಲ್ತಾ ಇದ್ಲು," ಎಂದ ಮಾವ. "ಬಾಯಲ್ಲಿ ಗುಂಡುಸೂಜಿ ಇದೆ ಅಂದ್ಕೊಂಡೆ."

"ಬೆಳಿಗ್ಗೆ?"

"ಹೊರಡೋವಾಗ ಬಾಗಿಲಲ್ಲಿ ನಿಂತಿದ್ಲು. ಆಗಲೇ ಆ ಮುಖ ಬಂದಿತ್ತು. ನನ್ನ ಅಣಕಿಸ್ತಿದಾಳೆ ಅಂದ್ಕೊಂಡೆ. ಇವತ್ತು ಕಣ್ಣೂ ಸರಿಯಾಗಿ ಬಂತು ನೋಡು, ಶಭಾಷ್, ಅಂತ ಹೇಳಿ ಹೋದೆ."

ಅವನ ಕೆನ್ನೆಗೆ ಬಾರಿಸಬೇಕೆನಿಸುವಷ್ಟು ಸಿಟ್ಟು ಬಂದಿತ್ತು ನನಗೆ. ದಿನವಿಡೀ ಊರವರ ಮನೆಯವರನ್ನು ಉಳಿಸಲು ಹೋದವನು ತನ್ನ ಮನೆಯವಳಿಗೆ ಶಭಾಷ್ ಹೇಳಿ ಹೋಗಿದ್ದ. ಆದರೆ ಮಧ್ಯಾಹ್ನ ಚೆನ್ನಾಗಿದ್ದಳೆಂದು ಸುಳ್ಳು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಹೇಳಿದ್ದರೆ ಅವರು ಆ ಔಷಧ ಕೊಡುತ್ತಿದ್ದರು, ಬಹುಶಃ ಅತ್ತೆ ಇರುತ್ತಿರಲಿಲ್ಲ. ಅದಕ್ಕೇ ಬಾರಿಸಲಿಲ್ಲ. ಡಾಕ್ಟರಮ್ಮ ಔಷಧ ಕೊಡಲಿಲ್ಲ.

ಅತ್ತೆ ಉಳಿದಳು. ಕಾಲು ಬಂತು, ಎಡಗೈ ಅರ್ಧ ಬಂತು, ಮಾತು ನಿಧಾನವಾಗಿ ಬಂತು. ಮುಖ ಬರಲಿಲ್ಲ.

ಇನ್ನೊಂದು ಸಂಗತಿ ಹೇಳಲು ಈಗಲೂ ನಾಲಿಗೆ ಹಿಂಜರಿಯುತ್ತದೆ. ಅಂದಿನಿಂದ ಮಾವನಿಗೆ ಆ ಮುಖ ಮಾಡಲು ಬರಲಿಲ್ಲ. ಕಾಲೇಜಿನವರು ಕೇಳಿದರೆಂದು ಕನ್ನಡಿಯ ಮುಂದೆ ನಿಂತು ಕೆನ್ನೆ ಎಳೆದ, ತುಟಿ ಸೊಟ್ಟ ಮಾಡಿದ. ಬರೀ ಕೋಡಂಗಿಯಂತೆ ಕಂಡ. ಅದು ಅವನನ್ನು ಬಿಟ್ಟುಹೋಗಿತ್ತು. ಅತ್ತೆಯಿದ್ದ ಅಡುಗೆಮನೆಯ ಕಡೆ ತಿರುಗಿ ನೋಡಲು ನಮ್ಮಿಬ್ಬರಿಗೂ ಧೈರ್ಯ ಸಾಲಲಿಲ್ಲ.

ಮುಂದೆ ಸಭೆಗಳಿಗೆ ಅತ್ತೆಯೇ ಹೊರಟಳು. "ನಾನೂ ಬರ್ತೀನಿ. ಕೂತಿರ್ತೀನಿ ಅಷ್ಟೇ," ಎಂದಳು. ಮೊದಲ ಸಲ ಅವಳ ಕೈ ಹಿಡಿದು ಮೆಟ್ಟಿಲು ಹತ್ತಿಸಿದವಳು ನಾನೇ. ಮಾವ ನಟಿಸಲಿಲ್ಲ, ಮಾತಾಡಿದ: "ಮನೆಯವರು ತಮಾಷೆ ಮಾಡ್ತಿದಾರೆ ಅನ್ನಿಸಿದ್ರೂ ಕೈ ಎತ್ತಿಸಿ ನೋಡಿ. ನಕ್ಕು ಹೊರಟು ಹೋಗ್ಬೇಡಿ." ಆಮೇಲೆ ಪಕ್ಕದ ಕುರ್ಚಿಯಲ್ಲಿದ್ದ ಅತ್ತೆಯ ಕಡೆ ಕೈ ತೋರಿಸಿದ. ಅವಳ ಮುಖ ನೋಡಲು ಹಿಂದಿನ ಸಾಲಿನವರು ಕತ್ತು ಉದ್ದ ಮಾಡಿದರು. ನಂತರ ಜೋರಾದ ಚಪ್ಪಾಳೆ.

ಮುಂದಿನ ಸಾಲಿನ ಅಜ್ಜಿಯೊಬ್ಬಳು ಎದ್ದು ನಿಂತಳು. "ಎಷ್ಟು ಚೆನ್ನಾಗಿ ಮಾಡ್ತೀಯಮ್ಮ! ನೋಡಕ್ಕೇ ಭಯ ಆಗತ್ತೆ. ಸಾಕಿನ್ನು, ನಿನ್ನ ಮುಖ ತೋರ್ಸು."

ಚಪ್ಪಾಳೆ ನಿಲ್ಲುವವರೆಗೆ ಅತ್ತೆ ಕಾದಳು. ಮಾವ ನೆಲ ನೋಡುತ್ತಿದ್ದ.

"ಇದೇ, ಅಜ್ಜಿ," ಎಂದಳು.