ಒಂದೇ ಗಿಡ, ಮೂರು ದಿನ

ನಮ್ಮ ಮಾವನವರು ಧಾರವಾಡದಲ್ಲಿ ವೈದ್ಯರಾಗಿದ್ದರು. ಔಷಧಕ್ಕೆಂದು ಹಿತ್ತಲಲ್ಲಿ ಮೂರು ಗಾಂಜಾ ಗಿಡ ಬೆಳೆಯಲು ಅವರಿಗೆ ಸರ್ಕಾರದ ಪರವಾನಗಿ ಇತ್ತು. ಇದನ್ನು ಈಗ ಹೇಳಿದರೆ ಮೊಮ್ಮಕ್ಕಳು ಮುಖ ಮುಖ ನೋಡಿಕೊಂಡು ನಗುತ್ತಾರೆ. ನಗಲಿ. ಆ ಗಿಡದ ಮುಂದೆ ನಿಂತು ನಡುಗಿದವಳು ನಾನು, ಅವರಲ್ಲ.

ಆಗ ನನಗೆ ಹದಿನೆಂಟು. ಉಪ್ಪಿನಬೆಟಗೇರಿಯಿಂದ ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು. ಬಂದಾಗಿನಿಂದ ಅತ್ತೆಯವರನ್ನು ಹಾಸಿಗೆಯಲ್ಲೇ ನೋಡಿದ್ದೆ. ಹೊಟ್ಟೆಯಲ್ಲಿ ಗಡ್ಡೆ ಅನ್ನುತ್ತಿದ್ದರು. ಉಂಡದ್ದು ನಿಲ್ಲುತ್ತಿರಲಿಲ್ಲ. ನೋವು ಎದ್ದಾಗ ಸೆರಗನ್ನು ಬಾಯಿಗೆ ತುರುಕಿಕೊಂಡು ಗೋಡೆಗೆ ಮುಖ ಮಾಡುತ್ತಿದ್ದರು. ಮಾವನವರು ಆ ಗಿಡದ ಹೂವನ್ನು ತುಪ್ಪದಲ್ಲಿ ಬೇಯಿಸಿ, ಮತ್ತೇನೇನೋ ಕೂಡಿಸಿ ಗುಳಿಗೆ ಕಟ್ಟುತ್ತಿದ್ದರು. ಒಂದು ಗುಳಿಗೆ ಹೊಟ್ಟೆಗೆ ಹೋದರೆ ಅತ್ತೆಯವರು ಎರಡು ತುತ್ತು ಉಂಡು ನಿದ್ದೆ ಮಾಡುತ್ತಿದ್ದರು. ಹಿಂದಿನ ವರ್ಷದ ಗುಳಿಗೆಗಳು ಆಗಲೇ ಡಬ್ಬಿಯ ತಳಕ್ಕೆ ಬಂದಿದ್ದವು.

ಆ ಗಿಡದಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಔಷಧಕ್ಕೆ ಬೇಕಾದದ್ದು ಹೆಣ್ಣು ಗಿಡದ ಹೂವು. ಗಂಡಿನ ಪರಾಗ ತಾಗಿ ಬೀಜ ಕಟ್ಟಿದರೆ ಸತ್ವ ಹೋಯಿತೆಂದೇ ಲೆಕ್ಕ. ಮಾವನವರ ಕಣ್ಣಿಗೆ ಪೊರೆ ಬಂದಿದ್ದರಿಂದ ಗಿಡ ನೋಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಆ ವರ್ಷ ನವರಾತ್ರಿಯ ಹೊತ್ತಿಗೆ ಮೂರರಲ್ಲಿ ಎರಡು ಗಂಡೆಂದು ತಿಳಿದು ಕಿತ್ತು ಹಾಕಿದೆವು. ಉಳಿದದ್ದು ಒಂದೇ. ಅದು ನನ್ನ ಎದೆಯೆತ್ತರ ಬೆಳೆದು, ಬಿಳಿ ಕೂದಲಿನಂಥ ಹೂವು ತುಂಬಿಕೊಂಡು ನಿಂತಿತ್ತು.

ದೀಪಾವಳಿ ಮುಗಿದು ನಾಲ್ಕು ದಿನವಾಗಿರಬೇಕು. ಒಂದು ಮುಂಜಾನೆ ಆ ಬಿಳಿ ಕೂದಲುಗಳ ನಡುವೆ ಜೋಳದ ಕಾಳಿಗಿಂತ ಸಣ್ಣ ಹಸಿರು ಮೊಗ್ಗುಗಳು ಜೋತುಬಿದ್ದಿದ್ದು ಕಂಡಿತು. ಕಿತ್ತು ಹಾಕಿದ ಗಂಡು ಗಿಡಗಳಲ್ಲಿ ಕಂಡದ್ದೂ ಅವೇ ಮೊಗ್ಗು. ನಿಂತಲ್ಲಿಂದಲೇ ಕೂಗಿದೆ.

"ಮಾವನವರ, ಹೆಣ್ಣು ಗಿಡದಾಗ ಗಂಡು ಹೂ ಬಂದಾವ್ರಿ."

ಮಾವನವರು ಬಂದು ಬೆರಳಿನಿಂದ ತಡವಿ ನೋಡಿದರು. "ಖರೇ ಅದ. ಎರಡೂ ಆಗೇದ. ಒಮ್ಮೊಮ್ಮೆ ಹಿಂಗ ಆಗತದ."

ಒಳಗೆ ಕಿಟಕಿಯ ಪಕ್ಕ ಮಲಗಿದ್ದ ಅತ್ತೆಯವರಿಗೆ ಇದು ಕೇಳಿತು. ಗಂಡಾಗಿ ಹುಟ್ಟಿ, ಸೀರೆಯುಟ್ಟು ಎಲ್ಲಮ್ಮನ ಸೇವೆಗೆ ನಿಂತ ಜೋಗಪ್ಪಂದಿರು ಆಗ ನಮ್ಮ ಓಣಿಗೂ ಬರುತ್ತಿದ್ದರು. "ನಮ್ಮನಿಗೂ ಒಬ್ಬ ಜೋಗಪ್ಪ ಬಂದಾನ ಅನ್ರಿ. ಕೈ ಮುಗೀರಿ," ಎಂದು ಆ ಸಂಕಟದಲ್ಲೂ ನಕ್ಕರು.

ನನಗೆ ನಗು ಬರಲಿಲ್ಲ. "ಕಿತ್ತಿ ಒಗೀಲೇನ್ರಿ?" ಎಂದೆ.

"ಕಿತ್ತರ ಇಕಿಗೇನು ಕೊಡೂದು? ಇರೂದು ಒಂದ ಗಿಡ." ಮಾವನವರು ದನಿ ತಗ್ಗಿಸಿದರು. "ದಿನಾ ಮುಂಜಾನೆ ಬಿಸಲು ಬೀಳೂದರೊಳಗ, ಆ ಮೊಗ್ಗು ಬಾಯಿ ಬಿಡೂದರೊಳಗ, ಒಂದೊಂದ ಚೂಟಿ ತಗೀಬೇಕು. ಒಂದು ಬಿರಿದರೂ ಸಾಕು, ಗಿಡಾ ತುಂಬ ಬೀಜ ಕಟ್ಟತದ."

ಅಂದಿನಿಂದ ನನ್ನ ಜೀವ ಆ ಗಿಡದಲ್ಲಿ ಸಿಕ್ಕಿಕೊಂಡಿತು. ಬೆಳಕು ಹರಿಯುತ್ತಲೇ ನೀರಿನ ತಂಬಿಗೆ ಹಿಡಿದು ಹೋಗಿ, ಕೊಂಬೆ ಅಲುಗದಂತೆ ಉಸಿರು ಬಿಗಿಹಿಡಿದು, ಮೊಗ್ಗು ಚೂಟಿ ನೀರಿಗೆ ಹಾಕುತ್ತಿದ್ದೆ. ಮೊದಲ ದಿನ ಹತ್ತು ಸಿಕ್ಕವು, ವಾರದ ಮೇಲೆ ಮೂವತ್ತು ನಲವತ್ತು. ಮುಗಿಯಿತೆಂದು ಬಂದರೆ ಎಲೆಯ ಮರೆಯಲ್ಲಿ ಇನ್ನೊಂದು ಉಳಿದಿದ್ದರೆ ಎಂಬ ಹೆದರಿಕೆ. ಮತ್ತೆ ಹೋಗಿ ನೋಡುತ್ತಿದ್ದೆ.

ಹನ್ನೊಂದನೆಯ ಮುಂಜಾನೆ ನಾನು ಹೊರಗಾದೆ.

ನಮ್ಮ ಮನೆಯಲ್ಲಿ ಹೊರಗಾದ ಹೆಣ್ಣು ಮೂರು ದಿನ ಹಿತ್ತಲ ಕಟ್ಟೆಯ ಮೇಲೆ ಕೂರಬೇಕು. ಮನುಷ್ಯರನ್ನೂ ಮುಟ್ಟುವಂತಿಲ್ಲ, ಔಷಧದ ಗಿಡವನ್ನಂತೂ ಇಲ್ಲವೇ ಇಲ್ಲ. ಹಿಂದಿನ ವರ್ಷ ನೆರೆಮನೆಯ ಹುಡುಗಿಯೊಬ್ಬಳು ಹೊರಗಿದ್ದಾಗ ತಿಳಿಯದೆ ಲೇಹ್ಯದ ಭರಣಿ ಮುಟ್ಟಿದಳೆಂದು ಮಾವನವರು ಭರಣಿಯನ್ನೇ ಬಚ್ಚಲಿಗೆ ಸುರಿದಿದ್ದರು. ಅತ್ತೆಯವರೂ ಅಷ್ಟೇ. ಎಷ್ಟೇ ನೋವಿರಲಿ, ಮಡಿಯಲ್ಲಿ ತಂದ ನೀರಲ್ಲದೆ ಬಾಯಿಗೆ ಹಾಕುತ್ತಿರಲಿಲ್ಲ.

ಕಟ್ಟೆಯ ಮೇಲಿಂದಲೇ ಮಾವನವರಿಗೆ ಹೇಳಿದೆ. "ನಾ ಇಲ್ಲಿಂದನ ತೋರಸ್ತೀನ್ರಿ, ನೀವು ಚೂಟ್ರಿ."

"ನನಗೆಲ್ಲಿ ಕಾಣತದವಾ? ದೇವರು ನೋಡಕೋತಾನ ಬಿಡು," ಎಂದು ಅವರು ಪೂಜೆಗೆ ಹೊರಟರು. ನನಗೆ ಮೈಯೆಲ್ಲ ಉರಿಯಿತು. ದೇವರು ಬಂದು ಮೊಗ್ಗು ಚೂಟುತ್ತಾನೆಯೇ?

ನಮ್ಮ ಮನೆಯವರು ಹುಬ್ಬಳ್ಳಿಯ ಕಚೇರಿಗೆ ರೈಲು ಹಿಡಿಯುವ ಅವಸರದಲ್ಲಿದ್ದರು. ಕೂಗಿ ಕರೆದೆ. ಅವರು ಗಿಡದೊಳಗೆ ಕೈ ಹಾಕಿ, ಒಳ್ಳೇ ಹೆಣ್ಣು ಹೂವಿನ ಮೂರು ತೆನೆ ಮುರಿದು ತಂದು ಕಟ್ಟೆಯ ತುದಿಗಿಟ್ಟು, "ಇವ ಹೌದಲ್ಲ?" ಎಂದರು. ಅತ್ತೆಯವರ ಎಷ್ಟು ದಿನದ ನಿದ್ದೆ ಅಲ್ಲಿ ಬಿದ್ದಿತ್ತೋ! "ನೀವು ರೈಲಿಗೆ ಹೋಗ್ರಿ," ಎಂದೆ.

ಬಿಸಿಲು ಗೋಡೆ ಇಳಿದು ಗಿಡದ ತುದಿಗೆ ಬಂದಿತ್ತು. ಕಟ್ಟೆಯಿಂದಲೇ ಕಾಣುತ್ತಿತ್ತು, ಒಂದು ಮೊಗ್ಗು ಹಳದಿಗೆ ತಿರುಗಿ ಬಿರಿಯಲು ನಿಂತಿದೆ. ದೇವರ ಮನೆಯಿಂದ ಮಾವನವರ ಮಂತ್ರ ಕೇಳುತ್ತಿತ್ತು. ಮಂಗಳಾರತಿಯ ಗಂಟೆ ಬಾರಿಸಿದ ಮೇಲೆ ಅವರು ತುಳಸಿಗೆ ನೀರು ಹಾಕಲು ಹಿತ್ತಲಿಗೆ ಬರುತ್ತಾರೆ. ಅಷ್ಟರೊಳಗೆ ಆಗಬೇಕು. ಎದ್ದು ಹೋದೆ.

ಹಳದಿಯಾದ ಮೊಗ್ಗನ್ನು ಮೊದಲು ಚೂಟಿದೆ. ಆಮೇಲೆ ಎಡಗೈಯಲ್ಲಿ ಕೊಂಬೆ ಹಿಡಿದುಕೊಂಡು ಉಳಿದವನ್ನೂ ತೆಗೆದೆ. ಪಾಪದ ಹೆದರಿಕೆ ಇತ್ತು, ಸುಳ್ಳು ಯಾಕೆ ಹೇಳಲಿ. ಗಿಡ ಅಲ್ಲೇ ಬಾಡುತ್ತದೆಂದೇ ನಂಬಿದ್ದೆ. ಬಾಡಲಿಲ್ಲ. ಮರುದಿನವೂ ಹಾಗೆಯೇ ಹೋಗಿ ಬಂದೆ.

ಮೂರನೆಯ ದಿನ ಮಾವನವರು ಗಂಟೆ ಬಾರಿಸದೆಯೇ ಹೊರಗೆ ಬಂದುಬಿಟ್ಟರು. ನಾನು ಗಿಡಕ್ಕೂ ಕಟ್ಟೆಗೂ ನಡುವೆ ಇದ್ದೆ. ಮುಚ್ಚಿದ ಮುಷ್ಟಿಯಲ್ಲಿ ಇಪ್ಪತ್ತು ಮೊಗ್ಗು.

"ಅಲ್ಲ್ಯಾಕ ನಿಂತೀ? ಗಿಡಾ ಮುಟ್ಟೀ ಏನವಾ?"

"ಇಲ್ರಿ."

ಪೊರೆ ಕವಿದ ಆ ಕಣ್ಣುಗಳು ನನ್ನ ಕಡೆಗೇ ಇದ್ದವು. ಏನು ಕಂಡಿತೋ ಏನು ಬಿಟ್ಟಿತೋ ತಿಳಿಯದು. "ಛಲೋ ಆತು," ಎಂದು ತುಳಸಿಯ ಕಡೆ ತಿರುಗಿದರು. ಮಾವನವರಿಗೆ ನಾನು ಹೇಳಿದ ಮೊದಲ ಸುಳ್ಳು ಅದು.

ತಿಂಗಳೊಪ್ಪತ್ತಿನ ಮೇಲೆ ಗಿಡ ಕೊಯ್ದು ನೆರಳಲ್ಲಿ ಒಣಗಿಸಿದೆವು. ಅಷ್ಟು ಹೂವಿನಲ್ಲಿ ಸಿಕ್ಕ ಬೀಜ ನಾಲ್ಕೋ ಐದೋ. ಮಾವನವರು ಮಡಿಯುಟ್ಟು ಎರಡು ದಿನ ಕೂತು ಗುಳಿಗೆ ಕಟ್ಟಿದರು. ಹಳೆಯ ಡಬ್ಬಿ ಬರಿದಾಗಿ ಆರು ದಿನವಾಗಿತ್ತು. ಆ ಆರು ದಿನದಲ್ಲಿ ಅತ್ತೆಯವರು ಮಾತು ಬಿಟ್ಟಿದ್ದರು. ಸೆರಗು ಕಚ್ಚಿ ಕಚ್ಚಿ ಅಂಚು ಹರಿದಿತ್ತು.

ಮೊದಲ ಗುಳಿಗೆಯನ್ನು ನಾನೇ ಒಯ್ದೆ. ಅವರು ತೆಗೆದುಕೊಳ್ಳಲಿಲ್ಲ. ನನ್ನನ್ನೇ ನೋಡಿದರು.

"ಆ ಮೂರೂ ದಿನಾ ನೀ ಗಿಡಕ್ಕ ಹೋಗಿದ್ದಿ. ಕಿಟಕ್ಯಾಗಿಂದ ಕಾಣತಿತ್ತು."

ಇಲ್ಲ ಅನ್ನಬಹುದಿತ್ತು. ಆದರೆ ತಿನ್ನುವವರು ಇವರು. ಇವರಿಗೆ ಸುಳ್ಳು ಹೇಳಿ ತಿನ್ನಿಸಲು ಮನಸ್ಸು ಬರಲಿಲ್ಲ. "ಹೌದ್ರಿ, ಮುಟ್ಟೀನ್ರಿ," ಎಂದೆ.

ಅತ್ತೆಯವರು ಕಣ್ಣು ಮುಚ್ಚಿದರು. ಎಲ್ಲಾ ಮುಗಿಯಿತು, ಇನ್ನು ಮುಖ ತಿರುಗಿಸುತ್ತಾರೆ ಅಂದುಕೊಂಡೆ. ಹೊರಗೆ ಪಡಸಾಲೆಯಲ್ಲಿ ಮಾವನವರು ರೋಗಿಯೊಬ್ಬರ ಜೊತೆ ಮಾತಾಡುತ್ತಿದ್ದರು.

"ಅವರಿಗೆ ಹೇಳೀ ಏನು?"

"ಇಲ್ರಿ."

"ಹೇಳಬ್ಯಾಡ. ಚೆಲ್ಲಿಬಿಡತಾರ," ಎಂದು ಪಿಸುಗುಟ್ಟಿ, ಅತ್ತೆಯವರು ಬಾಯಿ ತೆರೆದರು.